ಎಷ್ಟು ಕೊಡುತ್ತೆ?

ಎರಡು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ "ಒಂದು ಚಿಕ್ಕ ಕಾರ್ ತಗೊಳ್ಳೋಣ ಅಂದ್ಕೊಂಡಿದೀನಿ ಅಪ್ಪ" ಅಂದೆ. ಅಪ್ಪ ಪೇಪರಿನಿಂದ ತಲೆ ಎತ್ತದೆಯೇ ಕೇಳಿದರು, "ಎಷ್ಟು ಕೊಡುತ್ತೆ?"

ಯಾವ ಕಾರ್ ಅಂತ ನಾನಿನ್ನೂ ಹೇಳೇ ಇರಲಿಲ್ಲ!

ಆಮೇಲೆ ಎದುರು ಮನೆ ಅಂಕಲ್, ಆಫೀಸಿನ ಗೆಳೆಯರು, ಕಟಿಂಗ್ ಶಾಪಿನವರು... ಯಾರಿಗೆ ಹೇಳಿದರೂ ಮೊದಲು ಬಂದ ಪ್ರಶ್ನೆ ಅದೇ. ಮೈಲೇಜ್ ಕೇಳೋದು ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ನಮ್ಮಂಥವರು ದಿನಬಳಕೆಗೆ ಕಾರ್ ಆರಿಸುವಾಗ ಅದನ್ನ ಎಲ್ಲಕ್ಕಿಂತ ಕೊನೆಯಲ್ಲಿ ಕೇಳಬೇಕು ಅನ್ನೋದು ನನ್ನ ವಾದ. ಮೊದಲೇ ಕೇಳಿಬಿಟ್ಟರೆ ಉಳಿದ ಪ್ರಶ್ನೆಗಳು ಕಣ್ಣಿಗೇ ಬೀಳಲ್ಲ.

ನಮಗೆ ಕಾರ್ ಬೇಕಾಗಿದ್ದು ಅಮ್ಮನ ಮಂಡಿಗೋಸ್ಕರ. ನನ್ನ ಆಫೀಸಿಗೆ ಕಾರ್ ಬೇಕಾಗಿಲ್ಲ. 2023ರಲ್ಲಿ ನೇರಳೆ ಮಾರ್ಗ ಪೂರ್ತಿಯಾಗಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೋ ಓಡೋಕೆ ಶುರುವಾದ ಮೇಲೆ ನಾನು ವಿಜಯನಗರದಲ್ಲಿ ಹತ್ತಿ ಹಾಯಾಗಿ ಹೋಗ್ತೀನಿ (ಸೀಟು ಸಿಗಲ್ಲ, ಅದು ಬೇರೆ ಮಾತು). ಆದರೆ ಅಮ್ಮನಿಗೆ ಸ್ಕೂಟರ್ ಹತ್ತೋಕೆ ಆಗಲ್ಲ, ಬಸ್ಸಿನ ಮೆಟ್ಟಿಲಂತೂ ದೂರದ ಮಾತು. ವಾರಕ್ಕೆ ಎರಡು ಸಲ ಫಿಸಿಯೋಥೆರಪಿಗೆ ಬಸವೇಶ್ವರನಗರದಿಂದ ರಾಜಾಜಿನಗರಕ್ಕೆ ಹೋಗಬೇಕು. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಹಾವನೂರು ಸರ್ಕಲ್ಲಿನಲ್ಲಿ ಅಮ್ಮನನ್ನ ನಿಲ್ಲಿಸಿಕೊಂಡು 40 ನಿಮಿಷ ಆಟೋಗೆ ಕಾದೆ. ಆ್ಯಪ್‌ನಲ್ಲೂ ಇಲ್ಲ, ಕೈ ಅಡ್ಡ ಹಾಕಿದರೂ ಇಲ್ಲ. ಅಮ್ಮ ಒಂದು ಮಾತೂ ಆಡಲಿಲ್ಲ, ಅಂಗಡಿಯ ಕಟ್ಟೆ ಮೇಲೆ ಕೈಯೂರಿ ನಿಂತಿದ್ದರು. ಕಾರ್ ತಗೋಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ಸರಿ, ಹೇಳಿ ಕೇಳಿ ಎಂಜಿನಿಯರ್, ಲೆಕ್ಕ ಹಾಕೋಕೆ ಕೂತೆ. ಅಪ್ಪನ ಪ್ರಶ್ನೆಯಿಂದಲೇ ಶುರು ಮಾಡಿದೆ.

ಕಾರಿನ ಜಾಹೀರಾತಿನಲ್ಲಿ ಬರುವ ಮೈಲೇಜ್ ಎಆರ್‌ಎಐ ಥರದ ಸಂಸ್ಥೆಗಳ ಪ್ರಯೋಗಶಾಲೆಯಲ್ಲಿ ಅಳೆದದ್ದು. ಕಾರನ್ನ ರೋಲರ್‌ಗಳ ಮೇಲೆ ನಿಲ್ಲಿಸಿ, ಮೊದಲೇ ಬರೆದಿಟ್ಟ ವೇಗದ ಪಟ್ಟಿಯ ಪ್ರಕಾರ 1,180 ಸೆಕೆಂಡ್ ಓಡಿಸ್ತಾರೆ. ಅಂದರೆ 20 ನಿಮಿಷಕ್ಕೆ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಅದು ಸುಮಾರು ಹತ್ತೂವರೆ ಕಿ.ಮೀ. ಓಡಿರುತ್ತೆ, ಅದೂ ಎಸಿ ಇಲ್ಲದೆ. ನಮ್ಮೂರಿನ ಕತೆ ಏನು? ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗೋಕೆ ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಮಾಗಡಿ ರೋಡಿನಲ್ಲಿ ಸಂಜೆ ಆರೂವರೆಗೆ ಹೊರಟವರಿಗೆ ಇದೂ ಕಡಿಮೆಯೇ ಅನ್ನಿಸಬಹುದು :-)

ಇನ್ನೊಂದು ಸಣ್ಣ ಲೆಕ್ಕ ನೋಡಿ. ಚಿಕ್ಕ ಕಾರ್, ಒಳಗೆ ಇಬ್ಬರು, ಒಟ್ಟು 900 ಕೆ.ಜಿ. ಅಂತ ಇಟ್ಟುಕೊಳ್ಳಿ. ನಿಂತಲ್ಲಿಂದ 40 ಕಿ.ಮೀ. ವೇಗಕ್ಕೆ ತರಬೇಕಾದರೆ ಸುಮಾರು 55 ಕಿಲೋಜೂಲ್ ಶಕ್ತಿ ಬೇಕು. ಪಿಯುಸಿ ಭೌತಶಾಸ್ತ್ರ ಅಷ್ಟೇ, ಅರ್ಧ ಎಂ ವಿ ಸ್ಕ್ವೇರ್. ಊರೊಳಗೆ ಎಂಜಿನ್ನು ಪೆಟ್ರೋಲಿನ ಶಕ್ತಿಯಲ್ಲಿ ಐದನೇ ಒಂದು ಭಾಗವನ್ನು ಚಕ್ರಕ್ಕೆ ಮುಟ್ಟಿಸುತ್ತೆ ಅಂದುಕೊಂಡರೆ, ಸಿಗ್ನಲ್ಲಿನಿಂದ ಒಂದು ಸಲ ಹೊರಡೋಕೆ ಸುಮಾರು 8 ಮಿ.ಲೀ. ಪೆಟ್ರೋಲ್, ಹೆಚ್ಚು ಕಡಿಮೆ ಎರಡು ಟೀ ಚಮಚ. ಮುಂದೆ ಬ್ರೇಕ್ ಒತ್ತಿದ ತಕ್ಷಣ ಅದೆಲ್ಲ ಬಿಸಿಯಾಗಿ ಗಾಳಿಗೆ ಹೋಯ್ತು. ಕಾರ್ ಡ್ ರೋಡಿನ ಮೇಲೆ ಹೀಗೆ 30 ಸಲ ನಿಂತು ಹೊರಟರೆ ಕಾಲು ಲೀಟರ್ ಹತ್ತಿರ ಬರೀ ಬ್ರೇಕಿಗೆ ಸಮರ್ಪಣೆ. ಅದೇ 1,300 ಕೆ.ಜಿ. ಆದರೆ ಪ್ರತಿ ಸಲಕ್ಕೂ 12 ಮಿ.ಲೀ. ಬೇಕು. ಹಾಗಾಗಿ ಊರೊಳಗೆ ಕಾರಿನ ತೂಕ ಕಡಿಮೆ ಇದ್ದಷ್ಟೂ ಒಳ್ಳೇದು ಅನ್ನೋದು ನಿಜ. ಆದರೆ ಪೇಪರಿನಲ್ಲಿ 24 ಅಂತಲೋ 25 ಅಂತಲೋ ಬರೆದಿರುವ ಎರಡು ಚಿಕ್ಕ ಕಾರುಗಳ ನಡುವಿನ ವ್ಯತ್ಯಾಸ ನಮ್ಮ ರಸ್ತೆಯಲ್ಲಿ ಗೊತ್ತೇ ಆಗಲ್ಲ.

ಇದಕ್ಕೆ ಸಾಕ್ಷಿ ಅಪ್ಪನ ಹತ್ತಿರವೇ ಇತ್ತು. ನಾನು ಚಿಕ್ಕವನಿದ್ದಾಗ ನಮ್ಮನೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮಾರುತಿ 800 ಇತ್ತು. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ಅಪ್ಪ ಕಿಲೋಮೀಟರ್, ಲೀಟರ್, ರೂಪಾಯಿ ಮೂರನ್ನೂ ಡೈರಿಯಲ್ಲಿ ಬರೆಯೋರು. ಆ ಡೈರಿ ತೆಗೆಸಿದೆ. ತಿಪಟೂರಿಗೆ ಹೋಗಿ ಬಂದ ವಾರಗಳಲ್ಲಿ 18, ಊರೊಳಗೇ ಓಡಾಡಿದ ವಾರಗಳಲ್ಲಿ 13. ಒಂದೇ ಕಾರ್, ಓಡಿಸಿದವರೂ ಒಬ್ಬರೇ!

"ನೋಡಿ ಅಪ್ಪ, ನಿಮ್ಮ ಡೈರಿನೇ ಹೇಳ್ತಿದೆ. ಎಷ್ಟು ಕೊಡುತ್ತೆ ಅನ್ನೋದು ಕಾರಿಗಿಂತ ರಸ್ತೆ ಮೇಲೇ ನಿಂತಿದೆ" ಅಂದೆ.

"ಅದಕ್ಕೇ ಕಣೋ ಜಾಸ್ತಿ ಕೊಡೋ ಕಾರ್ ನೋಡು ಅಂತಿರೋದು" ಅಂದರು. ಅಪ್ಪಂದಿರ ಹತ್ತಿರ ವಾದ ಮಾಡಿ ಗೆದ್ದವರುಂಟೇ?

ಸರಿ, ರೂಪಾಯಿಯಲ್ಲೇ ನೋಡೋಣ. ನಮ್ಮ ಬಳಕೆ ತಿಂಗಳಿಗೆ 500 ಕಿ.ಮೀ. ದಾಟಲ್ಲ. ಫಿಸಿಯೋಥೆರಪಿ, ತರಕಾರಿ, ಕೆಂಗೇರಿಯಲ್ಲಿರೋ ಚಿಕ್ಕಮ್ಮನ ಮನೆ, ಯಾವುದಾದರೂ ಛತ್ರದಲ್ಲಿ ಮದುವೆ. ವರ್ಷಕ್ಕೆ 6,000 ಕಿ.ಮೀ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಅಂತ ಇಟ್ಟುಕೊಳ್ಳೋಣ, 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಅದರ ಆಸುಪಾಸಿಗೆ ಬಂತು. ಊರೊಳಗೆ 15 ಕೊಡುವ ಕಾರಿಗೆ 400 ಲೀಟರ್, 18 ಕೊಡುವ ಕಾರಿಗೆ 333 ಲೀಟರ್ ಬೇಕು. ವ್ಯತ್ಯಾಸ ವರ್ಷಕ್ಕೆ ಸುಮಾರು 6,900 ರೂಪಾಯಿ. ತಿಂಗಳಿಗೆ 575. ಮನೆಮಂದಿಯೆಲ್ಲ ಒಂದು ಸಲ ಹೋಟೆಲಿಗೆ ಹೋಗಿ ದೋಸೆ ತಿಂದು ಬಂದರೆ ಅಷ್ಟಾಗುತ್ತೆ. ಇದಕ್ಕೋಸ್ಕರ ನಾವು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ತೀವಿ.

ನಿಜವಾಗಿ ದುಡ್ಡು ಎಲ್ಲಿ ಹೋಗುತ್ತೆ ಅಂತ ಗೊತ್ತಾಗಿದ್ದು ಭಾವ ಬಂದ ಮೇಲೆ.

"ಸಾಫ್ಟ್‌ವೇರಲ್ಲಿದ್ದುಕೊಂಡು ಆಲ್ಟೋನೇನೋ? ನಾಲ್ಕು ಜನ ಏನಂತಾರೆ? ಇನ್ನೊಂದು ಐದಾರು ಲಕ್ಷ ಸೇರಿಸಿದರೆ ಎಸ್‌ಯುವಿ ಬರುತ್ತೆ" ಅಂದರು ಭಾವ.

"ಭಾವ, ಆ ಐದಾರು ಲಕ್ಷಕ್ಕೆ 9% ಬಡ್ಡಿ ಅಂದರೂ ವರ್ಷಕ್ಕೆ 50,000 ಆಯ್ತು" ಅಂದೆ. "ಇಎಂಐ ಕಟ್ಟಿಬಿಡು, ಗೊತ್ತೇ ಆಗಲ್ಲ" ಅಂತ ನಕ್ಕರು. ಗೊತ್ತೇ ಆಗಲ್ಲ ಅನ್ನೋದೇ ನನ್ನ ಭಯ!

ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ ಬೆಲೆಯ ಮೇಲೆ ಏರುತ್ತೆ. 5 ಲಕ್ಷದವರೆಗೆ 13%, 10 ಲಕ್ಷದವರೆಗೆ 14%, ಅದನ್ನ ದಾಟಿ 20 ಲಕ್ಷದವರೆಗೆ 17%. ಅದರ ಮೇಲೆ ಸೆಸ್ ಬೇರೆ. ಐದೂವರೆ ಲಕ್ಷದ ಕಾರಿಗೆ 77,000 ಆದರೆ, 11 ಲಕ್ಷದ ಕಾರಿಗೆ 1,87,000. ತೆರಿಗೆಯ ವ್ಯತ್ಯಾಸವೇ 1,10,000 ರೂಪಾಯಿ, ಅಂದರೆ 1,060 ಲೀಟರಿಗಿಂತ ಜಾಸ್ತಿ ಪೆಟ್ರೋಲ್. ಲೀಟರಿಗೆ 16ರಂತೆ ನಮ್ಮ ಕಾರ್ ಹತ್ತಿರ ಹತ್ತಿರ ಮೂರು ವರ್ಷ ಓಡುತ್ತೆ. ಬಂಕಿನಲ್ಲಿ ಮೀಟರ್ ಸೊನ್ನೆಯಿಂದ ಶುರುವಾಯ್ತಾ ಅಂತ ಬಗ್ಗಿ ಬಗ್ಗಿ ನೋಡುವ ನಾವು, ಶೋರೂಮಿನಲ್ಲಿ ಒಂದು ಲಕ್ಷಕ್ಕೆ ಕಣ್ಣು ಮುಚ್ಚಿ ಸಹಿ ಹಾಕ್ತೀವಿ.

ಭಾವ ಹೇಳಿದ "ನಾಲ್ಕು ಜನ" ಮಾತ್ರ ಸಾಮಾನ್ಯದವರಲ್ಲ ಬಿಡಿ. 2008ರ ಜನವರಿಯಲ್ಲಿ ಟಾಟಾದವರು ನ್ಯಾನೋ ತೋರಿಸಿದಾಗ ಒಂದು ಲಕ್ಷದ ಕಾರ್ ಅಂತ ದೇಶವೆಲ್ಲ ಕುಣಿದಿತ್ತು. 2009ರಲ್ಲಿ ಮಾರಾಟಕ್ಕೂ ಬಂತು. 2018ರ ಹೊತ್ತಿಗೆ ತಯಾರಿಕೆ ಹೆಚ್ಚು ಕಡಿಮೆ ನಿಂತೇಹೋಗಿತ್ತು. ಕಾರಣ ಹಲವು. ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿ ಹೆದರಿಸಿತು. ಆದರೆ "ಅತಿ ಅಗ್ಗದ ಕಾರ್" ಅನ್ನೋ ಹಣೆಪಟ್ಟಿಯೇ ಅದನ್ನ ಮುಳುಗಿಸಿತು ಅಂತ ರತನ್ ಟಾಟಾ ಅವರೇ ಒಪ್ಪಿಕೊಂಡಿದ್ದರು. ನಮಗೆ ಉಳಿತಾಯ ಬೇಕು, ಆದರೆ ಉಳಿಸ್ತಿದೀವಿ ಅಂತ ಯಾರಿಗೂ ಕಾಣಬಾರದು. ಮೈಲೇಜ್ ವಿಚಾರದಲ್ಲಿ ಇಷ್ಟೊಂದು ಮಾತಾಡೋದೂ ಅದಕ್ಕೇ ಇರಬೇಕು. ಅದು ಮರ್ಯಾದೆಗೆ ಕುಂದು ತರದ ಜಿಪುಣತನ.

ಕಾರ್ ಎಲ್ಲಿ ನಿಲ್ಲುತ್ತೆ ಅನ್ನೋದು ಇನ್ನೊಂದು ಪ್ರಶ್ನೆ. ನಮ್ಮದು 30x40 ಸೈಟಿನ ಮನೆ, ಗೇಟಿನ ಒಳಗೆ ಚಿಕ್ಕ ಜಾಗ. ಆಲ್ಟೋ ಕೆ10 ಉದ್ದ ಮೂರೂವರೆ ಮೀಟರ್, ಅಗಲ ಒಂದೂವರೆ ಮೀಟರ್. ಭಾವ ಹೇಳುವ ಎಸ್‌ಯುವಿಗಳ ಉದ್ದ ನಾಲ್ಕು ಮೀಟರಿಗೆ ಐದು ಮಿಲಿಮೀಟರ್ ಕಡಿಮೆ, ಅಗಲ 1.8 ಮೀಟರ್ ಹತ್ತಿರ. ಅದು ನಮ್ಮಲ್ಲಿ ಒಳಗೆ ಹೋದರೂ ಬಾಗಿಲು ತೆಗೆಯೋಕಾಗಲ್ಲ, ಅಮ್ಮ ಇಳಿಯೋದಂತೂ ಸಾಧ್ಯವೇ ಇಲ್ಲ. ಹೊರಗೆ ನಿಲ್ಲಿಸೋಣ ಅಂದರೆ ಬೀದಿಯ ಪ್ರತಿ ಗೇಟಿನ ಮೇಲೂ "ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು" ಅನ್ನೋ ಬೋರ್ಡು.

ಎಲೆಕ್ಟ್ರಿಕ್ ಯಾಕೆ ಬೇಡ ಅಂತ ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. 2001ರಲ್ಲೇ ರೇವಾ ಅನ್ನೋ ಪುಟಾಣಿ ಎಲೆಕ್ಟ್ರಿಕ್ ಕಾರನ್ನ ರಸ್ತೆಗಿಳಿಸಿದ ಊರು ನಮ್ಮದು. ನಿಂತು ನಿಂತು ಹೋಗುವ ದಾರಿಗೆ ಅದೇ ಸರಿ, ಬ್ರೇಕಿಗೆ ಹೋಗುವ ಶಕ್ತಿಯಲ್ಲಿ ಒಂದಷ್ಟನ್ನ ಬ್ಯಾಟರಿಗೆ ವಾಪಸ್ ತುಂಬಿಕೊಳ್ಳುತ್ತೆ. ದಿನಾ 50 ಕಿ.ಮೀ. ಓಡಿಸುವವರು ಕಣ್ಣು ಮುಚ್ಚಿ ಅದನ್ನೇ ನೋಡಲಿ. ಆದರೆ ತಿಂಗಳಿಗೆ 500 ಕಿ.ಮೀ. ಓಡಿಸುವವರಿಗೆ ಮೊದಲು ಕೊಟ್ಟ ಜಾಸ್ತಿ ದುಡ್ಡು ವಾಪಸ್ ಬರೋಕೆ ತುಂಬಾ ವರ್ಷ ಬೇಕು. ಸಿಎನ್‌ಜಿಗೂ ಇದೇ ಮಾತು, ಜೊತೆಗೆ ಡಿಕ್ಕಿಯೆಲ್ಲ ಸಿಲಿಂಡರ್ ಪಾಲು. ಅಮ್ಮನ ವಾಕರ್ ಎಲ್ಲಿಡೋದು?

ಕೊನೆಗೆ ಎಲ್ಲ ಲೆಕ್ಕ ಪಕ್ಕಕ್ಕಿಟ್ಟು ಅಮ್ಮನನ್ನೇ ಶೋರೂಮಿಗೆ ಕರೆದುಕೊಂಡು ಹೋದೆ. ಆಲ್ಟೋದಲ್ಲಿ ಕೂರಿಸಿದೆ. ಕೂತರು, ಏಳೋಕೆ ನನ್ನ ಕೈ ಬೇಕಾಯ್ತು, ಸೀಟು ತಗ್ಗು. ಟಿಯಾಗೋದಲ್ಲೂ ಹೆಚ್ಚು ಕಡಿಮೆ ಹಾಗೇ ಆಯ್ತು. ವ್ಯಾಗನ್ ಆರ್‌ನಲ್ಲಿ ಸೀಟು ಎತ್ತರ, ಬಾಗಿಲೂ ಎತ್ತರ. ಅಮ್ಮ ಕುರ್ಚಿಯಲ್ಲಿ ಕೂತ ಹಾಗೆ ಕೂತು, ಯಾರ ಕೈಯನ್ನೂ ಹಿಡಿಯದೆ ಎದ್ದರು. "ಇದು ಆಗುತ್ತೆ ಕಣೋ" ಅಂದರು. ಇಷ್ಟು ಸರಳವಾದ ಪರೀಕ್ಷೆ ನನ್ನ ಎಕ್ಸೆಲ್ ಶೀಟಿನ 14 ಕಾಲಮ್ಮುಗಳಲ್ಲಿ ಎಲ್ಲೂ ಇರಲಿಲ್ಲ.

ಇದರಲ್ಲಿ ಒಂದು ಕಹಿ ಮಾತೂ ಇದೆ, ಮುಚ್ಚಿಡಬಾರದು. ಗ್ಲೋಬಲ್ ಎನ್‌ಕ್ಯಾಪ್‌ನವರು 2023ರಲ್ಲಿ ವ್ಯಾಗನ್ ಆರ್ ಅನ್ನ ಗುದ್ದಿಸಿ ನೋಡಿದಾಗ ದೊಡ್ಡವರ ಸುರಕ್ಷತೆಗೆ ಸಿಕ್ಕಿದ್ದು ಒಂದೇ ನಕ್ಷತ್ರ. ಟಿಯಾಗೋಗೆ 2020ರಲ್ಲಿ ನಾಲ್ಕು ಸಿಕ್ಕಿತ್ತು. ಇದನ್ನ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಾರ್ ಓಡೋದು ಗಂಟೆಗೆ 20 ಕಿ.ಮೀ. ದಾಟದ ರಸ್ತೆಗಳಲ್ಲಿ ಅನ್ನೋದು ಸಮಾಧಾನ ಅಷ್ಟೇ, ಉತ್ತರ ಅಲ್ಲ. ಹಾಗಾಗಿ ಒಂದು ನಿಯಮ ಮಾಡಿಕೊಂಡೆ. ಈ ಕಾರ್ ಊರು ಬಿಟ್ಟು ಹೋಗಲ್ಲ. ತಿಪಟೂರಿಗೆ ಯಶವಂತಪುರದಲ್ಲಿ ರೈಲು ಹತ್ತೋದು. ದಿನಾ ಹೈವೇಯಲ್ಲಿ ಓಡಾಡುವವರು ಮಾತ್ರ ನನ್ನ ದಾರಿ ಹಿಡಿಯಬೇಡಿ, ನಕ್ಷತ್ರ ಎಣಿಸಿಯೇ ಕೊಳ್ಳಿ.

ಹೊಸದು ತಗೊಳ್ಳಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ 28ರಿಂದ 18%ಕ್ಕೆ ಇಳಿದು ಬೆಲೆ ಕಡಿಮೆ ಆಗಿದೆ ನಿಜ. ಆದರೂ ಇನ್ಶೂರೆನ್ಸ್‌ನವರ ಕೋಷ್ಟಕ ನೋಡಿ, ಮೂರು ವರ್ಷ ದಾಟಿದ ಕಾರಿನ ಮೌಲ್ಯದಲ್ಲಿ 40% ಕಳೆದೇ ಲೆಕ್ಕ ಹಾಕ್ತಾರೆ. ಆ 40% ಬೇರೆ ಯಾರೋ ಕೊಟ್ಟಿರಲಿ ಅಂತ ಅಪ್ಪನ ಪರಿಚಯದವರೊಬ್ಬರ 2021ರ ಕಾರ್ ತಗೊಂಡೆ, 4,10,000 ರೂಪಾಯಿಗೆ. ಜೀವಿತಾವಧಿ ತೆರಿಗೆ ಅವರೇ ಕಟ್ಟಿಯಾಗಿದೆ. ಮೆಕ್ಯಾನಿಕ್‌ಗೆ ತೋರಿಸಿ, ಸರ್ವಿಸ್ ಬಿಲ್ ನೋಡಿ, ಸಾಲ ಮಾಡದೆ ಮನೆಗೆ ತಂದೆ.

ಹಾಗಾದರೆ ಕಾರ್ ತಗೊಳ್ಳೋ ಮುಂಚೆ ಏನು ಕೇಳಬೇಕು? ಯಾರು ಕೂರ್ತಾರೆ, ಎಲ್ಲಿ ನಿಲ್ಲುತ್ತೆ, ತಿಂಗಳಿಗೆ ಎಷ್ಟು ಓಡುತ್ತೆ, ಯಾವ ರಸ್ತೆಯಲ್ಲಿ ಓಡುತ್ತೆ. ಈ ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಉಳಿಯೋದು ಎರಡೋ ಮೂರೋ ಕಾರ್. ಆಮೇಲೆ ಬೇಕಾದರೆ ಕೇಳಿ, ಎಷ್ಟು ಕೊಡುತ್ತೆ ಅಂತ.

ಅಪ್ಪ ಹೊಸ ಡೈರಿ ತಂದಿದ್ದಾರೆ. ಮೊದಲ ತಿಂಗಳ ಲೆಕ್ಕ ಲೀಟರಿಗೆ 14. "ಇಷ್ಟೇನಾ?" ಅಂತ ಮುಖ ಸಣ್ಣ ಮಾಡಿಕೊಂಡರು. ಒಳಗಿನಿಂದ ಅಮ್ಮ, "ನಾನು ಮಳೆಯಲ್ಲಿ ನಿಂತಿಲ್ವಲ್ಲ, ಅದನ್ನೂ ಬರ್ಕೊಳ್ರೀ" ಅಂದರು.