ಬಾರ್‌ಗೆ ಗಡಿಯಾರ ಇದೆ, ಕಿರಾಣಿ ಅಂಗಡಿಗೆ ಯಾಕಿಲ್ಲ?

2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬಾರ್, ರೆಸ್ಟೋರೆಂಟ್‌ಗಳಿಗೆ ರಾತ್ರಿ 1 ಗಂಟೆವರೆಗೆ ಬಾಗಿಲು ತೆರೆದಿಡಲು ಸರ್ಕಾರ ಅನುಮತಿ ಕೊಟ್ಟಿತು. ಬೀದರ್‌ನಂಥ ಊರಿಗೂ ಅದನ್ನೇ ಕೊಡಿ ಎನ್ನುವವರ ಜೊತೆ ನಮಗೆ ಜಗಳವಿದೆ. 'ಎಲ್ಲ ಬಂದ್ ಮಾಡಿ' ಅಂತ ಅಲ್ಲ. ಊಟ, ಚಹಾ ಮತ್ತು ದಾರೂ, ಮೂರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಂತ.

ಈಗಿರುವ ನಿಯಮ ನೋಡಿ. ಸಿಎಲ್-9 ಬಾರ್‌ಗೆ ಬೆಳಿಗ್ಗೆ 10ರಿಂದ ರಾತ್ರಿ 11.30, ಸಿಎಲ್-2 ವೈನ್ ಶಾಪ್‌ಗೆ ರಾತ್ರಿ 10.30ರವರೆಗೆ. ಶಾಲೆ, ಗುಡಿ-ಮಸೀದಿ, ಆಸ್ಪತ್ರೆಯಿಂದ 100 ಮೀಟರ್ ದೂರ ಇರಬೇಕು. ಪರಿಶಿಷ್ಟರೇ ಹೆಚ್ಚಾಗಿ ಇರುವ ಬಡಾವಣೆಯಲ್ಲೂ ಇರುವಂತಿಲ್ಲ. ಆದರೆ ಆ 100 ಮೀಟರ್ ಅಳೆಯುವುದು ಜನ ನಡೆದು ಹೋಗುವ ದಾರಿಯಲ್ಲಿ, ಬಾಗಿಲಿನಿಂದ ಗೇಟಿಗೆ. ಅಂಗಡಿ ಬಾಗಿಲು ಹಿಂದಿನ ಗಲ್ಲಿಗೆ ತಿರುಗಿಸಿದರೆ ಶಾಲೆ ತಾನೇ ದೂರವಾಗುತ್ತದೆ! ಗೋಡೆ ದಾಟಿ ಬರುವ ಗದ್ದಲಕ್ಕೆ ಮಾತ್ರ ಟೇಪು ಹಿಡಿಯುವವರಿಲ್ಲ.

ಇದೆಲ್ಲ ಲೈಸೆನ್ಸ್ ಇದ್ದವರ ಕಥೆ. ಭಾಲ್ಕಿ, ಔರಾದ್ ತಾಲೂಕಿನ ಹಳ್ಳಿಯವರಿಗೆ ನಾವು ಹೇಳಬೇಕೇ? ಪೇಟೆಯ ವೈನ್ ಶಾಪಿನ ಬಾಟಲಿ, ಪೌಚು ಕಿರಾಣಿ ಅಂಗಡಿಯ ಸಕ್ಕರೆ ಡಬ್ಬಿಯ ಹಿಂದೆ ಕೂತಿರುತ್ತದೆ. ಬೆಳಿಗ್ಗೆ ಐದಕ್ಕೆ ಬಾಗಿಲು ಬಡಿದರೂ ಸಿಗುತ್ತದೆ, ನಡುರಾತ್ರಿ ಬಡಿದರೂ ಸಿಗುತ್ತದೆ, ರೇಟು ಮಾತ್ರ ಜಾಸ್ತಿ. ಕೂಲಿ ದುಡ್ಡು ಮನೆ ತಲುಪುವ ಮೊದಲೇ ಅಲ್ಲಿ ಕರಗುತ್ತದೆ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು, ಅದರ ಜಾಗಕ್ಕೆ ಇದು ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋಗಿ ಮದ್ಯ ನಿಷೇಧ ಕೇಳಿದರಲ್ಲ, ಅವರ ಸಿಟ್ಟು ಹುಟ್ಟಿದ್ದು ಇಂಥ ಅಂಗಡಿಗಳ ಮುಂದೆ.

ಇನ್ನೊಂದು ಕಡೆ ನೋಡಿ. ರಾತ್ರಿ ತಡವಾಗಿ ಭಾಲ್ಕಿ ಸ್ಟೇಷನ್‌ನಲ್ಲಿ ಇಳಿದವರಿಗೆ, ಬೀದರ್ ದವಾಖಾನೆಯಲ್ಲಿ ರೋಗಿಯ ಜೊತೆ ಕೂತವರಿಗೆ ಬೇಕಾದದ್ದು ಎರಡು ರೊಟ್ಟಿ, ಒಂದು ಕಪ್ ಚಹಾ. 'ಟೈಮ್ ಆಯ್ತು' ಎಂಬ ಲಾಠಿ ಸದ್ದಿಗೆ ಮೊದಲು ಆರುವುದು ಖಾನಾವಳಿಯ ಒಲೆ. 2021ರ ಜನವರಿಯಲ್ಲಿ ಕಾರ್ಮಿಕ ಇಲಾಖೆ ದಿನದ 24 ಗಂಟೆ ಅಂಗಡಿ ತೆರೆಯಲು ಒಪ್ಪಿತು, ಆದರೆ 10 ಅಥವಾ ಹೆಚ್ಚು ಕೆಲಸಗಾರರಿದ್ದರೆ ಮಾತ್ರ. ಗಂಡ, ಹೆಂಡತಿ, ಒಬ್ಬ ಹುಡುಗ ಸೇರಿ ನಡೆಸುವ ಖಾನಾವಳಿ ಆ ಲೆಕ್ಕಕ್ಕೆ ಎಲ್ಲಿಂದ ಬರಬೇಕು?

ಆದ್ದರಿಂದ ನಾವು ಕೇಳುವುದು: ಬಸ್ ಸ್ಟ್ಯಾಂಡ್, ರೈಲು ನಿಲ್ದಾಣ, ದವಾಖಾನೆ ಸುತ್ತ ಮದ್ಯವಿಲ್ಲದ ಸಣ್ಣ ಹೋಟೆಲುಗಳಿಗೆ ರಾತ್ರಿಯಿಡೀ ಅನುಮತಿ ಕೊಡಿ. ಬಾರ್‌ಗೆ 11.30 ಸಾಕು. ಕಿರಾಣಿ ಅಂಗಡಿಯ ದಾರೂ ಮೇಲೆ ಕೇಸು ಹಾಕುವಾಗ ಮಾರಿದವನನ್ನು ಹಿಡಿದು ಸುಮ್ಮನಾಗಬೇಡಿ, ಪೆಟ್ಟಿಗೆಗಟ್ಟಲೆ ಕೊಟ್ಟ ಲೈಸೆನ್ಸ್ ಅಂಗಡಿ ಯಾವುದೆಂದೂ ಬರೆಯಿರಿ. ಓದುಗರೇ, ಮುಂದಿನ ಗ್ರಾಮಸಭೆಯಲ್ಲಿ ಈ ಪ್ರಶ್ನೆ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಫೋಟೋ ನಮಗೆ ಕಳಿಸಿ. ನಾವು ಹಾಕುತ್ತೇವೆ.