ದಕ್ಕದ ಕಬ್ಬಿಣ

ಕಾಪುವಿನ ದೀಪಸ್ತಂಭದ ಬುಡದಿಂದ ಹೊರಟು, ಶಿರ್ವದ ದಾರಿಯಾಗಿ ಕಾರ್ಕಳದ ಕಡೆಗೆ ಮೂಡಣ ದಿಕ್ಕಿಗೆ ಸಾಗುವವರಿಗೆ, ಕಡಲ ಮರಳು ಹಿಂದೆ ಉಳಿದ ಸ್ವಲ್ಪ ಹೊತ್ತಿನಲ್ಲಿಯೇ ನೆಲದ ಬಣ್ಣವು ಬದಲಾಗಿ, ಮುರಕಲ್ಲಿನ ಗುಡ್ಡಗಳೂ, ಆ ಕಲ್ಲನ್ನು ಕಡಿದು ಕಟ್ಟಿದ ಮನೆಗಳೂ, ಮಳೆಗಾಲದಲ್ಲಿ ಗದ್ದೆಯ ಬದಿಯ ತೋಡುಗಳಲ್ಲಿ ಹರಿಯುವ ಕೆನ್ನೀರೂ ಒಂದಾದ ಮೇಲೊಂದು ಕಣ್ಣಿಗೆ ಬೀಳುತ್ತವೆ. ಆ ಕೆಂಪು ಬಹುಮಟ್ಟಿಗೆ ಕಬ್ಬಿಣದ್ದು. ಘಟ್ಟದ ಮೇಲಣ ಕುದುರೆಮುಖದ ಗಣಿಯಿಂದ, 2005ನೆಯ ಇಸವಿಯ ಕೊನೆಯವರೆಗೂ, ಅದಿರು ಕೆಸರಿನ ರೂಪದಲ್ಲಿ ಕೊಳವೆಯ ಮೂಲಕ ಪಣಂಬೂರಿನ ಬಂದರಿಗೆ ಹರಿದು ಹಡಗು ಹತ್ತಿದುದನ್ನು ಈ ಸೀಮೆಯವರು ಮರೆತಿಲ್ಲ. ಇಂತಹ ನೆಲದ ಮೇಲೆ ಹುಟ್ಟಿ ಬೆಳೆದ ಹೆಣ್ಣುಮಗಳೊಬ್ಬಳು ಚೊಚ್ಚಲು ಬಸುರಿಯಾಗಿ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕುಳಿತಿರುವಾಗ, ಅವಳ ಬೆರಳಿನಿಂದ ತೆಗೆದ ಹನಿಯನ್ನು ಪರೀಕ್ಷಿಸಿದ ಸಿಸ್ಟರು ‘ನೆತ್ತೆರ್ ಕಮ್ಮಿ ಉಂಡು’ ಎಂದು ಹೇಳಬೇಕಾಗಿ ಬರುವುದು ಮೇಲುನೋಟಕ್ಕೆ ವಿಚಿತ್ರವೇ ಸರಿ. ಆದರೆ ಕಲ್ಲಿನೊಳಗಣ ಕಬ್ಬಿಣವು ಆಮ್ಲಜನಕದೊಡನೆ ಬೆಸೆದುಕೊಂಡು ನೀರಿಗೆ ಕರಗದಂತೆ ಕುಳಿತಿರುವುದರಿಂದ, ಅದು ಎಷ್ಟಿದ್ದರೂ ಒಡಲಿಗೆ ಒದಗುವುದಿಲ್ಲ. ಇರುವುದು ಬೇರೆ, ದಕ್ಕುವುದು ಬೇರೆ. ಗರ್ಭಿಣಿಯ ರಕ್ತಹೀನತೆಯನ್ನು ಕುರಿತು ನಾವು ಆಡುವ ಮಾತುಗಳೆಲ್ಲ ಇರುವುದರ ಲೆಕ್ಕದಲ್ಲಿಯೇ ಮುಗಿದುಹೋಗಿ, ದಕ್ಕುವುದರ ಲೆಕ್ಕಕ್ಕೆ ಬಾರದಿರುವುದೇ ಈ ವ್ಯಾಧಿಯ ದೀರ್ಘಾಯುಷ್ಯಕ್ಕೆ ಕಾರಣವೆಂದು ನನ್ನ ಅಭಿಪ್ರಾಯ.

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿ, ಕರ್ನಾಟಕದಲ್ಲಿ ಶೇ. 45.7 ಮಂದಿ ರಕ್ತಹೀನರೆಂದು ಕಂಡಿತು. 2015–16ರ ಸಮೀಕ್ಷೆಯಲ್ಲಿ ಈ ಸಂಖ್ಯೆಗಳು ಕ್ರಮವಾಗಿ 50.4 ಮತ್ತು 45.4 ಆಗಿದ್ದುವು. ಬೆರಳ ತುದಿಯ ಹನಿಯನ್ನು ಅಳೆದರೆ ಬರುವ ಫಲಕ್ಕೂ, ನರದಿಂದ ತೆಗೆದ ರಕ್ತವನ್ನು ಅಳೆದರೆ ಬರುವ ಫಲಕ್ಕೂ ವ್ಯತ್ಯಾಸವುಂಟೆಂದು ತಜ್ಞರು ವಾದಿಸುತ್ತಾರೆ. ಆ ವಾದಕ್ಕೆ ಸಲ್ಲಬೇಕಾದ ಕಡಿತವನ್ನು ಸಲ್ಲಿಸಿದರೂ ಉಳಿಯುವ ಮೊತ್ತ ಅಲ್ಪವಾದುದಲ್ಲ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 97 ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಎಂದರೆ, ಹೆಣ್ಣು ಆಸ್ಪತ್ರೆಯ ಮೆಟ್ಟಿಲನ್ನು ಹತ್ತಿದ್ದಾಳೆ. ಕಬ್ಬಿಣವು ಅವಳ ರಕ್ತದ ಮೆಟ್ಟಿಲನ್ನು ಹತ್ತಿಲ್ಲ.

ಬಸುರಿನಲ್ಲಿ ಶರೀರಕ್ಕೆ ಬೇಕಾಗುವ ಕಬ್ಬಿಣವೆಲ್ಲವನ್ನೂ ಕೂಡಿಸಿದರೆ ಸುಮಾರು 1000 ಮಿಲಿಗ್ರಾಂ, ಒಂದು ಸಣ್ಣ ಮೊಳೆಯ ತೂಕ. ಅದರಲ್ಲಿ 300ರಷ್ಟು ಶಿಶುವಿಗೂ ಮಾಸಿಗೂ ಸಲ್ಲುತ್ತದೆ. 500ರಷ್ಟು ತಾಯಿಯ ರಕ್ತವೃದ್ಧಿಗೆ ಬೇಕು. ಉಳಿದುದು ದಿನನಿತ್ಯದ ವ್ಯಯಕ್ಕೆ. ಈ ಬೇಡಿಕೆಯ ಬಹುಭಾಗವು ಐದನೆಯ ತಿಂಗಳಿನ ಈಚೆಗೆ ಒಮ್ಮೆಲೇ ಬಂದು ಬೀಳುತ್ತದೆ. ರಕ್ತದ ದ್ರವಭಾಗವು ಕಣಗಳಿಗಿಂತ ಹೆಚ್ಚು ವೇಗವಾಗಿ ವರ್ಧಿಸುವುದರಿಂದ ಹಿಮೋಗ್ಲೋಬಿನ್ ತುಸು ಇಳಿಯುವುದು ಸಹಜವೇ ಆಗಿದ್ದು, ಆ ಕಾರಣದಿಂದಲೇ ಬಸುರಿಯರಿಗೆ 12ರ ಬದಲು 11 ಗ್ರಾಂ ಎಂಬ ಗೆರೆಯನ್ನು ಎಳೆದಿದ್ದಾರೆ. 10ಕ್ಕಿಂತ ಕೆಳಗಿಳಿದರೆ ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ಕೂಸು ತನ್ನ ಪಾಲನ್ನು ಮೊದಲು ಎತ್ತಿಕೊಳ್ಳುತ್ತದೆ, ತಾಯಿಯ ಕಣಜ ಬರಿದಾಗುತ್ತದೆ. ಕಣಜದಲ್ಲಿ ಮೊದಲೇ ಕಾಳಿಲ್ಲದಿದ್ದರೆ ಕೂಸಿಗೂ ಕೊರತೆಯೇ: ದಿನ ತುಂಬದ ಹೆರಿಗೆ, ತೂಕ ಕಡಮೆಯ ಶಿಶು. ಇನ್ನು ಹೆರಿಗೆಯಾದೊಡನೆ ರಕ್ತಸ್ರಾವವು ಮಿತಿಮೀರಿದಲ್ಲಿ, ಪುಷ್ಟಳಾದ ಹೆಂಗಸು ತಾಳಿಕೊಳ್ಳುವಷ್ಟು ನಷ್ಟವೇ ಇವಳ ಪ್ರಾಣಕ್ಕೆ ಎರವಾದೀತು.

ಆದುದರಿಂದ ಇದನ್ನು ಬಸುರಿನ ವ್ಯಾಧಿಯೆಂದು ಕರೆಯುವುದು ಅರ್ಧಸತ್ಯ. ಹೈಸ್ಕೂಲಿನ ವಯಸ್ಸಿನಲ್ಲಿ, ಬೆಳವಣಿಗೆಯೂ ಮಾಸಿಕ ಸ್ರಾವವೂ ಏಕಕಾಲಕ್ಕೆ ಕಬ್ಬಿಣವನ್ನು ಬೇಡುತ್ತಿರುವಾಗ, ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆದ ಹುಡುಗಿಯ ಸಾಲವನ್ನು, ಹತ್ತು ವರ್ಷಗಳ ಬಳಿಕ ಬಸುರಿಯು ತೀರಿಸಬೇಕಾಗುತ್ತದೆ. ಬಸುರಿನಲ್ಲಿ ಮಾಡುವುದು ಸಾಲಪರಿಹಾರವೇ ಹೊರತು ಗಳಿಕೆಯಲ್ಲ.

ಊಟದ ವಿಚಾರಕ್ಕೆ ಬಂದರೆ, ಕರಾವಳಿಯ ಅಡುಗೆಮನೆಯನ್ನು ಬಡವೆನ್ನಲು ನನಗೆ ಮನಸ್ಸಿಲ್ಲ. ಹರಿವೆ, ನುಗ್ಗೆಸೊಪ್ಪು, ಹುರುಳಿ, ಬಂಗುಡೆ, ಬೂತಾಯಿ, ಹೊಳೆಬಾಯಿಯ ಮರುವಾಯಿ — ಪಟ್ಟಿಯನ್ನು ಎಷ್ಟಾದರೂ ಬೆಳೆಸಬಹುದು. ಸೊಪ್ಪುಕಾಳುಗಳ ಕಬ್ಬಿಣವು ಕರುಳಿನಲ್ಲಿ ದಕ್ಕುವುದು ಅತಿ ಸ್ವಲ್ಪ. ಅದರ ಜೊತೆಗೆ ಮೀನು ಇದ್ದರೆ, ಅಥವಾ ನೆಲ್ಲಿಕಾಯಿ, ಲಿಂಬೆಯಂತಹ ಹುಳಿ ಇದ್ದರೆ, ಆ ಸ್ವಲ್ಪವೇ ಎಷ್ಟೋ ಪಾಲು ಹೆಚ್ಚುತ್ತದೆ. ಹರಿವೆಯ ಪಲ್ಯ, ಬದಿಗೆ ಒಂದು ತುಂಡು ಬಂಗುಡೆ, ಒಂದಿಷ್ಟು ನೆಲ್ಲಿಕಾಯಿ ತಂಬುಳಿ: ಈ ಎಲೆಯ ಮುಂದೆ ಯಾವ ಔಷಧಶಾಸ್ತ್ರಜ್ಞನೂ ತಲೆದೂಗಬೇಕು. ಆದರೆ ಅದೇ ಊಟ ಮುಗಿದ ಮರುಕ್ಷಣದಲ್ಲಿ ಒಂದು ಲೋಟ ಖಡಕ್ ಚಹ ಒಳಹೊಕ್ಕಿತೆಂದರೆ, ಅದರ ಒಗರು ಕಬ್ಬಿಣವನ್ನು ಹಿಡಿದು ಕಟ್ಟಿ ಹೊರಗೆ ಸಾಗಿಸಿಬಿಡುತ್ತದೆ. ಬೆಳಗಿನಿಂದ ಬೀಡಿ ಕಟ್ಟುತ್ತ ಕುಳಿತವಳಿಗೆ, ಅಥವಾ ಮೀನಿನ ಬುಟ್ಟಿಯನ್ನು ಇಳಿಸಿ ಬಂದವಳಿಗೆ, ಆ ಚಹವೊಂದೇ ಸುಖವೆಂಬುದನ್ನು ಬಲ್ಲೆನು. ಬಿಡಬೇಕೆನ್ನುವುದಿಲ್ಲ, ಒಂದು ಗಂಟೆ ಸರಿಸಬೇಕೆನ್ನುತ್ತೇನೆ.

ಬಣ್ಣ ನೋಡಿ ಮರುಳಾಗುವುದು ಇನ್ನೊಂದು ಭ್ರಾಂತಿ. ಬೀಟ್‌ರೂಟು, ದಾಳಿಂಬೆಗಳು ಕೆಂಪಾಗಿರುವುದರಿಂದ ಅವು ರಕ್ತವನ್ನು ಮಾಡುತ್ತವೆಂಬ ನಂಬುಗೆ ವಿದ್ಯಾವಂತರ ಮನೆಗಳಲ್ಲಿಯೇ ಹೆಚ್ಚು. ಅವುಗಳ ಕೆಂಪು ಕಬ್ಬಿಣದ ಕೆಂಪಲ್ಲ. ಬಸುರಿಯ ಮನೆಗೆ ದಾಳಿಂಬೆಯ ಬುಟ್ಟಿಯನ್ನು ಒಯ್ಯುವ ಬಂಧುಗಳು ಒಂದು ಕಟ್ಟು ನುಗ್ಗೆಸೊಪ್ಪನ್ನು ಒಯ್ದರೆ ಗೌರವ ಕಡಮೆಯಾದೀತೆಂದು ಅಂಜುತ್ತಾರಷ್ಟೆ.

ಅದಲ್ಲದೆ, ಊರಿನಲ್ಲಿ ಇರುವ ಆಹಾರವು ಬಸುರಿಯ ಬಟ್ಟಲಿಗೆ ಬರುವುದರೊಳಗೆ ದಾಟಬೇಕಾದ ಅಡೆಗಳು ಹಲವು. ಮೊಟ್ಟೆ ಉಷ್ಣ, ಮರುವಾಯಿ ನಂಜು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ ಕಾರಣ ಮಳೆಗಾಲದ ಆಟಿ ತಿಂಗಳಲ್ಲಿ ಮೀನು ದುರ್ಲಭ, ಸಿಕ್ಕಿದ್ದು ದುಬಾರಿ. ಹೆಣ್ಣಿನ ಕವಲಿನಲ್ಲಿ ಆಸ್ತಿ ಇಳಿದು ಬಂದ ಅಳಿಯಸಂತಾನದ ಸೀಮೆಯಿದು. ಆದರೂ ಬಂಗುಡೆಯ ತುಂಡಿನಲ್ಲಿ ಮನೆಯ ಹೆಣ್ಣಿನ ಪಾಲು ಕೊನೆಯದೇ. ಕೆಲವು ಬಸುರಿಯರಿಗೆ ಮಣ್ಣನ್ನೋ, ಮಸಿಯನ್ನೋ, ಹಸಿ ಅಕ್ಕಿಯನ್ನೋ ತಿನ್ನುವ ಆಸೆ ಹುಟ್ಟುತ್ತದೆ. ಮನೆಯವರು ಅದನ್ನು ಬಯಕೆಯೆಂದು ನಕ್ಕು ಸುಮ್ಮನಾಗುತ್ತಾರೆ. ವೈದ್ಯರು ಅದರಲ್ಲಿ ಕಬ್ಬಿಣದ ಕೊರತೆಯ ಸುಳಿವನ್ನು ಕಾಣುತ್ತಾರೆ.

ಆಹಾರವೊಂದರಿಂದಲೇ ಆ ಮೊಳೆಯ ತೂಕವನ್ನು ತುಂಬುವುದು ಬಹುಮಂದಿಗೆ ಅಸಾಧ್ಯವಾದುದರಿಂದಲೇ ಮಾತ್ರೆಯು ಹುಟ್ಟಿತು. ಭಾರತ ಸರಕಾರವು 1970ರಲ್ಲಿ ಆರಂಭಿಸಿದ ಕಾರ್ಯಕ್ರಮವು ಹೆಸರುಗಳನ್ನು ಬದಲಿಸುತ್ತ 2018ರಲ್ಲಿ ‘ಅನೀಮಿಯಾ ಮುಕ್ತ ಭಾರತ’ವಾಯಿತು. 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಕೆಂಪು ಮಾತ್ರೆಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ. ರಕ್ತಹೀನತೆ ಕಂಡುಬಂದರೆ ವೈದ್ಯರ ಸೂಚನೆಯಂತೆ ದಿನಕ್ಕೆ ಎರಡು. ಮಾತ್ರೆ ಧರ್ಮಾರ್ಥ, ಊರೂರಿನಲ್ಲಿ ಲಭ್ಯ. ಹಾಗಿದ್ದೂ, 2019–21ರ ಅದೇ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ನೂರು ದಿನ ಸೇವಿಸಿದವರು ಶೇ. 44.1, ನೂರ ಎಂಬತ್ತು ದಿನ ಸೇವಿಸಿದವರು ಶೇ. 26.

ಸೇವಿಸದವರನ್ನು ಅಜ್ಞಾನಿಗಳೆಂದು ಬೈಯುವುದು ಸುಲಭ. ಆದರೆ ಅವರ ದೂರುಗಳು ಕಲ್ಪಿತವಾದುವಲ್ಲ. ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆ, ಮಲಬದ್ಧತೆಯಾಗುತ್ತದೆ, ಮಲವು ಕಪ್ಪಾಗುತ್ತದೆ. ಕಪ್ಪಾದ ಮಲವನ್ನು ಕಂಡವಳು ಮಗುವೂ ಕಪ್ಪಾದೀತೆಂದು ಅಂಜಿದರೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂಬ ಅತ್ತೆಯ ಮಾತನ್ನು ನಂಬಿದರೆ, ಆ ಅಂಜಿಕೆಗೆ ಉತ್ತರ ಹೇಳಬೇಕಾದವರು ಹೇಳದೆ ಹೋದರೆಂದೇ ಅರ್ಥ. ಉತ್ತರಗಳೇನೂ ದುರ್ಜ್ಞೇಯವಲ್ಲ: ಕಪ್ಪು ಬಣ್ಣವು ನಿರಪಾಯ, ಕರುಳಿಗೆ ದಕ್ಕದೆ ಉಳಿದ ಕಬ್ಬಿಣದ್ದು, ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ, ತೊಳಸುವುದಾದರೆ ರಾತ್ರಿ ಊಟದ ತರುವಾಯ ಮಲಗುವ ಮುನ್ನ ನುಂಗಬಹುದು, ಹಾಲಿನೊಡನೆ, ಚಹದೊಡನೆ, ಅದೇ ಕೇಂದ್ರದಿಂದ ಕೊಟ್ಟ ಕ್ಯಾಲ್ಸಿಯಂ ಮಾತ್ರೆಯೊಡನೆ ಮಾತ್ರ ನುಂಗಬಾರದು. ಆದರೆ ನಮ್ಮಲ್ಲಿ ನಡೆಯುವ ಸಂಭಾಷಣೆ ಇಷ್ಟೆ: ‘ಮಾತ್ರೆ ತಿನ್ನುತ್ತೀರಲ್ಲ ಅಕ್ಕಾ?’ ‘ಹೌದು ಸಿಸ್ಟರ್.’ ಹೌದೆಂಬ ಉತ್ತರವನ್ನು ಬಾಯಿಗಿಟ್ಟು ಕೇಳುವ ಪ್ರಶ್ನೆಯಿದು. ‘ಎಷ್ಟು ಉಳಿದಿದೆ, ತನ್ನಿ ನೋಡುವ’ ಎಂದು ಕೇಳುವ ಸಿಸ್ಟರಿಗೆ ಬೇರೆಯೇ ಕತೆ ತಿಳಿದುಬರುತ್ತದೆ. ಸರಿಯಾಗಿ ಸೇವಿಸಿದವಳಲ್ಲಿ ಒಂದು ತಿಂಗಳಿಗೆ ಹಿಮೋಗ್ಲೋಬಿನ್ ಒಂದು ಗ್ರಾಮಿನಷ್ಟಾದರೂ ಏರಬೇಕು; ಏರದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಬರಿಗಾಲಿನಲ್ಲಿ ತೋಟಕ್ಕೆ ಇಳಿಯುವವಳ ಕರುಳಿನ ಕೊಕ್ಕೆಹುಳು, ಬಿ12ರ ಕೊರತೆ, ಥಲಸ್ಸೀಮಿಯದ ವಂಶಗುಣ, ಇವು ಮಾತ್ರೆಯ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ವಾಸಿಯಾಗುವಂಥವಲ್ಲ.

ಈ ‘ಬೇರೆಡೆ ಹುಡುಕುವ’ ಪಾಠವನ್ನು ಕಲಿಸಿದವರು ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ. 1928ರಲ್ಲಿ ಮುಂಬಯಿಗೆ ಬಂದ ಅವರು, ಬಟ್ಟೆ ಗಿರಣಿಗಳ ಬಡ ಬಸುರಿಯರನ್ನು ಕಾಡುತ್ತಿದ್ದ ರಕ್ತಹೀನತೆಗೆ ಅವರ ಊಟದಲ್ಲಿಯೇ ಕಾರಣವನ್ನು ಅರಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಗಿ ಇಂದಿನ ಕೆಂಪು ಮಾತ್ರೆಯೊಳಗೆ ಸೇರಿಕೊಂಡಿದೆ.

ನಮ್ಮ ಜಿಲ್ಲೆಗೂ ಇಂತಹ ಪರಂಪರೆ ಇಲ್ಲದಿಲ್ಲ. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದ ದಿಬ್ಬದ ಮೇಲೆ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಕರಾವಳಿಯ ಗ್ರಾಮಗಳಲ್ಲಿ ಹೆರಿಗೆ ಹಾಗೂ ಶಿಶುಕಲ್ಯಾಣದ ಪುಟ್ಟ ಕೇಂದ್ರಗಳನ್ನು ತೆರೆದು, ಆಸ್ಪತ್ರೆಯನ್ನೇ ಹೆಂಗಸರ ಅಂಗಳದ ಸಮೀಪಕ್ಕೆ ಒಯ್ದಿತು. ಹಳಬರು ‘ಬಾಯಮ್ಮ’ ಎಂದು ಕರೆಯುತ್ತಿದ್ದ ದಾದಿಯು ಮನೆಯ ಜಗಲಿಯಲ್ಲಿ ಕುಳಿತು ಆಡುವ ಎರಡು ಮಾತಿನ ಬೆಲೆಯನ್ನು ಗೋಡೆಗೆ ಅಂಟಿಸಿದ ಭಿತ್ತಿಪತ್ರವು ತಂದುಕೊಡಲಾರದು. ಇದಕ್ಕೆ ಪ್ರತಿಯಾಗಿ, 2017ರ ಅಕ್ಟೋಬರ್ 2ರಂದು ರಾಜ್ಯ ಸರಕಾರವು ಆರಂಭಿಸಿದ ಮಾತೃಪೂರ್ಣ ಯೋಜನೆಯು, ಉದ್ದೇಶದಲ್ಲಿ ಉದಾರವಾಗಿದ್ದರೂ, ಬಸುರಿಯೇ ಅಂಗನವಾಡಿಗೆ ನಡೆದು ಬಂದು ಬಿಸಿಯೂಟ ಉಣ್ಣಬೇಕೆಂದು ವಿಧಿಸಿತು. ಬಯಲುಸೀಮೆಯ ಒತ್ತಾದ ಊರುಗಳಿಗೆ ಒಪ್ಪುವ ಈ ವಿಧಿ, ಮನೆಗೊಂದು ಗುಡ್ಡವೂ ತೋಡೂ ಅಡ್ಡವಿರುವ ನಮ್ಮ ಸೀಮೆಗೆ ಒಪ್ಪುವಂತಹುದಾಗಿರಲಿಲ್ಲ. ಇಲ್ಲಿಯೂ ಊಟವಿತ್ತು, ದಕ್ಕಲಿಲ್ಲ.

ಈಚೆಗೆ ನರದ ಮೂಲಕ ಕಬ್ಬಿಣವನ್ನು ಏರಿಸುವ ಚಿಕಿತ್ಸೆಯು ಬಳಕೆಗೆ ಬಂದಿದೆ. ಒಂದೇ ಸಲಕ್ಕೆ ಹೆಚ್ಚು ಪ್ರಮಾಣವನ್ನು ಕೊಡಬಹುದಾದ ಔಷಧಗಳನ್ನು ಮಾತ್ರೆಯೊಡನೆ ಹೋಲಿಸಿ ನೋಡುವ ದೊಡ್ಡ ಪ್ರಯೋಗದಲ್ಲಿ ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಮುಖ್ಯ ಪಾತ್ರ ವಹಿಸಿದರು. ತಡವಾಗಿ ಪತ್ತೆಯಾದವರಿಗೆ, ಮಾತ್ರೆ ಸಹಿಸದವರಿಗೆ ಇದು ವರವೇ. ಆದರೆ ‘ಕೊನೆಯಲ್ಲಿ ಬಾಟಲಿ ಹಾಕಿಸಿದರಾಯಿತು’ ಎಂಬ ಉದಾಸೀನಕ್ಕೆ ಇದು ಆಸರೆಯಾಗಬಾರದು. ಐದು ಗ್ರಾಮಿನ ಕೆಳಗೆ ಇಳಿದವಳಿಗೆ ಅದೂ ಸಾಲದು, ಪರರ ರಕ್ತವೇ ಬೇಕು.

ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುವ ಸಂಗತಿಯು ಸರಕಾರದ ಕಡತಗಳಲ್ಲಿ ಕಾಣುವುದು ವಿರಳ. ಅದು ತವರಿನ ದಾರಿ. ಏಳನೆಯ ತಿಂಗಳಲ್ಲೋ ಒಂಬತ್ತನೆಯದರಲ್ಲೋ ಬಯಕೆಯ ಊಟ, ಸೀಮಂತ. ಮಡಿಲು ತುಂಬಿ ಹಸಿರು ಬಳೆ ತೊಡಿಸಿ ಮಗಳನ್ನು ತವರಿಗೆ ಕರೆದೊಯ್ಯುವುದು ನಮ್ಮ ರೂಢಿ. ಗಂಡನ ಮನೆ ಕಾಪುವಿನಲ್ಲಿ, ತವರು ಕಾರ್ಕಳದ ಕಡೆ. ಅಥವಾ ಸಂಸಾರ ಮುಂಬಯಿಯಲ್ಲಿ, ಹೆರಿಗೆ ಪಡುಬಿದ್ರಿಯಲ್ಲಿ. ಏಳನೆಯ ತಿಂಗಳಲ್ಲಿ ಹೊರಟವಳಿಗೆ ಮಾತ್ರೆಯ 180 ದಿನಗಳಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ದಿನಗಳು ಆಗ ಉಳಿದಿರುತ್ತವೆ; ಕಬ್ಬಿಣದ ಬೇಡಿಕೆ ತುಟ್ಟತುದಿಗೆ ಏರುವ ದಿನಗಳೂ ಅವೇ. ಗಂಡನ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಿಂದ ಅವಳು ಅಂದು ಮರೆಯಾಗುತ್ತಾಳೆ. ತವರಿನ ಆಶಾಗೆ ಅವಳು ಬಂದ ಸುದ್ದಿ ತಿಳಿಯುವುದು ಕೆಲವು ವೇಳೆ ತೊಟ್ಟಿಲು ಕಟ್ಟಿದ ಮೇಲೆ. ಬಾಣಂತನದಲ್ಲಂತೂ ಎಣ್ಣೆನೀರು, ಕಷಾಯ, ಲೇಹ್ಯಗಳ ಸಂಭ್ರಮದ ನಡುವೆ ಉಳಿದ 180 ಮಾತ್ರೆಗಳ ನೆನಪು ಯಾರಿಗೂ ಇರುವುದಿಲ್ಲ. ಹೀಗೆ ತೀರದ ಸಾಲವನ್ನೇ ಹೊತ್ತು ಅವಳು ಎರಡನೆಯ ಬಸುರಿಗೆ ಕಾಲಿಡುತ್ತಾಳೆ.

ರೂಢಿಯನ್ನು ನಿಂದಿಸುವ ಇಚ್ಛೆ ನನಗಿಲ್ಲ. ತವರಿನ ವಿಶ್ರಾಂತಿಗೆ ಸಮನಾದ ಔಷಧ ಮತ್ತೊಂದಿಲ್ಲ. ಮುಂದಿನ ಸೀಮಂತದ ಕರೆಯೋಲೆ ಬಂದಾಗ, ಮಗಳನ್ನು ಕರೆದೊಯ್ಯಲು ಬಂದ ತಾಯಂದಿರಲ್ಲಿ ನನ್ನದೊಂದು ವಿನಂತಿ: ಮಡಿಲಕ್ಕಿ, ತೆಂಗಿನಕಾಯಿ, ವೀಳ್ಯಗಳ ಜೊತೆಗೆ ಉಳಿದ ಕೆಂಪು ಮಾತ್ರೆಯ ಹಾಳೆಗಳನ್ನೂ ತಾಯಿ ಕಾರ್ಡನ್ನೂ ಅವಳ ಸೆರಗಿಗೆ ಹಾಕಿಸಿಕೊಳ್ಳಿ, ಕಾರ್ಡಿನಲ್ಲಿ ಬರೆದಿರುವ ಕೊನೆಯ ಹಿಮೋಗ್ಲೋಬಿನ್ ಎಷ್ಟೆಂಬುದನ್ನು ಬೀಗಿತ್ತಿಯವರನ್ನು ಕೇಳಿ ತಿಳಿದುಕೊಳ್ಳಿ, ಮರುದಿನ ಬೆಳಗ್ಗೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆಯಿರಿ.