ತಾಮ್ರದ ಬೆಲೆ ಏರುತ್ತಿದೆ, ಆದರೆ ತಾಮ್ರದ ನಾಣ್ಯ ಕೊಳ್ಳಬೇಕೆ?

ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. ಬೋನಸ್ ಬಂದಿದೆ, ಅದರಲ್ಲಿ ಐವತ್ತು ಸಾವಿರ ತೆಗೆದಿಟ್ಟಿದ್ದಾನೆ. ‘ಮಾವ, ಚಿನ್ನ ಕೈಗೆ ಸಿಗೋ ಹಂಗಿಲ್ಲ. ಬೆಳ್ಳಿನೂ ಓಡಿಹೋಯ್ತು. ಇನ್ನು ಉಳಿದಿರೋದು ತಾಮ್ರ ಒಂದೇ. ಶುದ್ಧ ತಾಮ್ರದ ನಾಣ್ಯ ಆನ್‌ಲೈನ್‌ನಲ್ಲಿ ಸಿಗ್ತಾವೆ. ತಗೊಂಡು ಇಟ್ಕೊಳ್ಳಲಾ?’ ಎಂದು ಕೇಳಿದ.

ನನ್ನನ್ನೇ ಕೇಳಲು ಕಾರಣವಿದೆ. ಪುಣೆ ಪಕ್ಕದ ಚಾಕಣದಲ್ಲಿ ಮೋಟಾರ್ ತಯಾರಿಸುವ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ನಾನಿರುವುದು. ತಾಮ್ರದ ತಂತಿಯನ್ನು ಟನ್‌ಗಟ್ಟಲೆ ಕೊಳ್ಳುವುದೇ ನನ್ನ ಹೊಟ್ಟೆಪಾಡು. ಬೆಳಿಗ್ಗೆ ಎದ್ದರೆ ಮೊದಲು ನೋಡುವುದು ಲಂಡನ್ ಲೋಹ ವಿನಿಮಯ ಕೇಂದ್ರದ ದರ.

ಹುಡುಗನ ಪ್ರಶ್ನೆ ದಡ್ಡತನದ್ದೇನಲ್ಲ. 2024ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ತಾಮ್ರ ಟನ್‌ಗೆ 11,000 ಡಾಲರ್ ದಾಟಿತು. 2025ರ ಡಿಸೆಂಬರ್‌ನಲ್ಲಿ 12,000 ಡಾಲರ್ ಕೂಡ ದಾಟಿತು. ಬ್ಯಾಟರಿ ಕಾರಿಗೆ ಪೆಟ್ರೋಲ್ ಕಾರಿಗಿಂತ ಮೂರು ನಾಲ್ಕು ಪಟ್ಟು ತಾಮ್ರ ಬೇಕು. ಸೋಲಾರ್, ವಿದ್ಯುತ್ ಜಾಲ, ಡೇಟಾ ಸೆಂಟರ್ ಎಲ್ಲಕ್ಕೂ ಅದೇ ಬೇಕು. ಅತ್ತ ಗಣಿಗಳಲ್ಲಿ ತೊಂದರೆ. 2025ರ ಸೆಪ್ಟೆಂಬರ್‌ನಲ್ಲಿ ಇಂಡೊನೇಷ್ಯಾದ ಗ್ರಾಸ್‌ಬರ್ಗ್ ಗಣಿಯೊಳಗೆ ಕೆಸರು ನುಗ್ಗಿ ಕೆಲಸ ನಿಂತಿತು. ನಮ್ಮಲ್ಲಿ 2018ರಲ್ಲಿ ತೂತ್ತುಕುಡಿಯ ಘಟಕ ಮುಚ್ಚಿದ ಮೇಲೆ, ಸಂಸ್ಕರಿಸಿದ ತಾಮ್ರ ರಫ್ತು ಮಾಡುತ್ತಿದ್ದ ದೇಶ ಆಮದು ಮಾಡಿಕೊಳ್ಳುವ ದೇಶವಾಯಿತು. 2024ರಲ್ಲಿ ಮುಂದ್ರಾದ ಹೊಸ ಕಾರ್ಖಾನೆ ಶುರುವಾಗಿದ್ದರೂ ಅದಕ್ಕೂ ಅದಿರು ಹೊರಗಿನಿಂದಲೇ ಬರಬೇಕು. ಹೀಗಾಗಿ ತಾಮ್ರಕ್ಕೆ ಒಳ್ಳೆಯ ಕಾಲ ಬಂದಿದೆ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ತಕರಾರು ಇರುವುದು ನಾಣ್ಯದ ಬಗ್ಗೆ.

ಮೊದಲನೆಯದಾಗಿ, ಇದು ನಾಣ್ಯವೇ ಅಲ್ಲ. ಖಾಸಗಿಯವರು ಅಚ್ಚು ಒತ್ತಿದ ತಾಮ್ರದ ಬಿಲ್ಲೆ. ಸರ್ಕಾರದ ಮುದ್ರೆಯಿಲ್ಲ, ಮುಖಬೆಲೆಯಿಲ್ಲ. ಅಮೆರಿಕದಲ್ಲಿ ಇದರ ವ್ಯಾಪಾರ ಜೋರು. ಅಲ್ಲಿ ಇದಕ್ಕೆ ‘ರೌಂಡ್’ ಎನ್ನುತ್ತಾರೆ. ಅಲ್ಲೊಂದು ಸೂಕ್ಷ್ಮವಿದೆ. ಚಿನ್ನ, ಬೆಳ್ಳಿ ತೂಗುವ ಟ್ರಾಯ್ ಔನ್ಸ್ ಎಂದರೆ 31.1 ಗ್ರಾಂ. ತಾಮ್ರದ ‘ಒಂದು ಔನ್ಸ್’ ಬಿಲ್ಲೆಗಳು ಹೆಚ್ಚಾಗಿ ದಿನಸಿ ತೂಗುವ ಸಾಮಾನ್ಯ ಔನ್ಸ್‌ನವು, ಅಂದರೆ 28.35 ಗ್ರಾಂ.

ಈಗ ಲೆಕ್ಕಕ್ಕೆ ಬರೋಣ. ಹುಡುಗ ತೋರಿಸಿದ ಬಿಲ್ಲೆಯ ತೂಕ 31 ಗ್ರಾಂ, ಬೆಲೆ 180 ರೂಪಾಯಿ. ತಾಮ್ರದ ಸಗಟು ದರ ದಿನಾ ಬದಲಾಗುತ್ತದೆ. ಲೆಕ್ಕಕ್ಕೆ ಕೆಜಿಗೆ 1,100 ರೂಪಾಯಿ ಎಂದಿಟ್ಟುಕೊಳ್ಳಿ. ಬಿಲ್ಲೆಯೊಳಗಿನ ತಾಮ್ರದ ಬೆಲೆ 34 ರೂಪಾಯಿ. ಐವತ್ತು ಸಾವಿರಕ್ಕೆ 277 ಬಿಲ್ಲೆ, ಒಟ್ಟು ಎಂಟೂವರೆ ಕೆಜಿ ಚಿಲ್ಲರೆ. ಅದರ ಲೋಹದ ಬೆಲೆ ಸುಮಾರು 9,400 ರೂಪಾಯಿ. ಉಳಿದ ನಲವತ್ತು ಸಾವಿರ ಕೊಂಡ ದಿನವೇ ಹೋಯಿತು.

ಎಲ್ಲಿ ಹೋಯಿತು? ಇದರಲ್ಲಿ ಮೋಸ ಹುಡುಕಬೇಕಿಲ್ಲ. ಅಚ್ಚು ಒತ್ತುವ ಕೂಲಿ, ಪ್ಯಾಕಿಂಗ್, ಕೊರಿಯರ್, ಮಾರುವವನ ಲಾಭ, ತೆರಿಗೆ. ಈ ಖರ್ಚು ಬಿಲ್ಲೆ ಯಾವ ಲೋಹದ್ದಾದರೂ ಹೆಚ್ಚುಕಡಿಮೆ ಒಂದೇ. ಲಕ್ಷ ರೂಪಾಯಿಯ ಚಿನ್ನದ ನಾಣ್ಯದ ಮೇಲೆ ನೂರು ರೂಪಾಯಿ ಖರ್ಚು ಬಿದ್ದರೆ ಗೊತ್ತೇ ಆಗುವುದಿಲ್ಲ. ಮೂವತ್ತನಾಲ್ಕು ರೂಪಾಯಿಯ ತಾಮ್ರದ ಮೇಲೆ ಬಿದ್ದರೆ ಅದು ಮೂರು ಪಟ್ಟು. ಅಗ್ಗದ ಲೋಹವನ್ನು ಸಣ್ಣ ಸಣ್ಣದಾಗಿ ಕೊಂಡಷ್ಟೂ ನಾವು ಕೂಲಿಯನ್ನೇ ಕೊಳ್ಳುತ್ತಿರುತ್ತೇವೆ. ಒಂದು ಕೆಜಿಯ ಗಟ್ಟಿಗೆ ಅದೇ ಅಂಗಡಿಯಲ್ಲಿ 2,200 ರೂಪಾಯಿ ಇತ್ತು. ಬಿಲ್ಲೆಗಿಂತ ವಾಸಿ, ಆದರೂ ಲೋಹದ ಬೆಲೆಯ ಎರಡು ಪಟ್ಟು.

ಹುಡುಗ ಬಿಡಲಿಲ್ಲ. ‘ಮಾವ, ಬೆಲೆ ಏರ್ತಾ ಹೋದ್ರೆ ಹೊಂದಿಕೊಳ್ಳುತ್ತಲ್ಲ?’ ಎಂದ. ಹಾಗಾದರೆ ಹಿಂದಿನ ದಾರಿ ನೋಡೋಣ. 2011ರ ಫೆಬ್ರುವರಿಯಲ್ಲೇ ತಾಮ್ರ 10,000 ಡಾಲರ್ ಮುಟ್ಟಿತ್ತು. ಆಮೇಲೆ ಇಳಿಯುತ್ತಾ 2016ರ ಶುರುವಿನಲ್ಲಿ 4,500 ಡಾಲರ್ ಆಸುಪಾಸಿಗೆ ಬಂತು. ಮತ್ತೆ ಹತ್ತು ಸಾವಿರ ಮುಟ್ಟಿದ್ದು 2021ರಲ್ಲಿ. ಅಂದರೆ ಹತ್ತು ವರ್ಷ ಕಾಯಬೇಕಾಯಿತು. ನಮಗೆ ರೂಪಾಯಿ ಬೆಲೆ ಕುಸಿದಿದ್ದರಿಂದ ಪೆಟ್ಟು ಕಡಿಮೆ ಬಿತ್ತು. 2011ರಲ್ಲಿ ಡಾಲರ್‌ಗೆ ಸುಮಾರು 45 ರೂಪಾಯಿ ಇದ್ದಾಗ ಕೆಜಿ ತಾಮ್ರಕ್ಕೆ ಸುಮಾರು 450 ರೂಪಾಯಿ. ಈಗ 1,100 ಎಂದರೆ ಹದಿನೈದು ವರ್ಷಕ್ಕೆ ಎರಡೂವರೆ ಪಟ್ಟಿನ ಹತ್ತಿರ, ವರ್ಷಕ್ಕೆ ಆರು ಶೇಕಡ. ಬ್ಯಾಂಕಿನ ಠೇವಣಿಯೂ ಇಷ್ಟು ಕೊಡುತ್ತಿತ್ತು. ಅದೇ ಅವಧಿಯಲ್ಲಿ ಹತ್ತು ಗ್ರಾಂ ಚಿನ್ನ ಇಪ್ಪತ್ತು ಸಾವಿರದ ಆಸುಪಾಸಿನಿಂದ ಆರು ಪಟ್ಟಿಗೂ ಮೇಲೆ ಹೋಯಿತು.

ಬಿಲ್ಲೆಗೆ ಹಾಕಿದ ಅಸಲು ಹುಟ್ಟಬೇಕಾದರೆ ತಾಮ್ರ ಕೆಜಿಗೆ 5,800 ರೂಪಾಯಿ ಆಗಬೇಕು. ಇದೇ ಆರು ಶೇಕಡದ ವೇಗದಲ್ಲಿ ಅದಕ್ಕೆ ಇಪ್ಪತ್ತೆಂಟು ವರ್ಷ ಬೇಕು. ಹುಡುಗನಿಗೀಗ ಇಪ್ಪತ್ತೇಳು. ಐವತ್ತೈದಕ್ಕೆ ಅಸಲು ಕೈಗೆ ಬರುತ್ತದೆ, ಬಡ್ಡಿಯಿಲ್ಲದೆ.

ಅದೂ ಪೂರ್ತಿ ಬೆಲೆಗೆ ಯಾರಾದರೂ ಕೊಂಡರೆ. ಚಿನ್ನಕ್ಕೆ ಊರೂರಿನಲ್ಲಿ ಸರಾಫರಿದ್ದಾರೆ, ಹಾಲ್‌ಮಾರ್ಕ್ ಇದೆ, ಅಡವಿಟ್ಟರೆ ಸಾಲ ಸಿಗುತ್ತದೆ. ತಾಮ್ರಕ್ಕೆ ಇದ್ಯಾವುದೂ ಇಲ್ಲ. ಅದನ್ನು ತೂಕಕ್ಕೆ ಹಾಕಿಕೊಳ್ಳುವವರು ಪಾತ್ರೆ ಅಂಗಡಿಯವರು ಮತ್ತು ಗುಜರಿಯವರು.

ಇದು ನನಗೆ ಅರ್ಥವಾಗಿದ್ದು ಆಫೀಸಿನಲ್ಲಲ್ಲ, ಊರಿನಲ್ಲಿ. ಅಮ್ಮ ತೀರಿಕೊಂಡ ಮೇಲೆ ಚಿತ್ರದುರ್ಗದ ಮನೆ ಖಾಲಿ ಮಾಡುವಾಗ ಬಚ್ಚಲಿನ ದೊಡ್ಡ ಹಂಡೆ ಮಾರಲು ಹೋದೆವು. ಅಂಗಡಿಯವನು ಮಸಿಗೆ ಇಷ್ಟು, ಬೆಸುಗೆಗೆ ಇಷ್ಟು ಎಂದು ತೂಕದಲ್ಲಿ ಕಳೆದ. ದರದಲ್ಲೂ ಹೊಸ ತಾಮ್ರಕ್ಕಿಂತ ಕೆಳಗೆ ನಿಂತ. ದಿನವೂ ಪೂರೈಕೆದಾರರ ಜೊತೆ ಪೈಸೆ ಪೈಸೆಗೆ ಚೌಕಾಸಿ ಮಾಡುವ ನಾನು ಅವತ್ತು ಬಾಯಿ ಬಿಡಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವನಿಗೆ ಅದು ಕರಗಿಸುವ ಲೋಹ. ಪುಣೆಯ ಕಸ್ಬಾ ಪೇಠೆಯ ತಾಂಬಟ್ ಆಳಿಯಲ್ಲಿ ಪೇಶ್ವೆಯವರ ಕಾಲದಿಂದ ತಾಮ್ರ ಬಡಿಯುತ್ತಿರುವ ಕುಶಲಕರ್ಮಿಗಳಿದ್ದಾರೆ. ಅಲ್ಲಿಯೂ ಹೊಸ ಪಾತ್ರೆಗೆ ಒಂದು ದರ, ಹಳೆಯದಕ್ಕೆ ಮತ್ತೊಂದು.

ಇನ್ನೊಂದು ಮಾತು ನಮ್ಮಂಥ ಹೊರಗೆ ದುಡಿಯುವವರಿಗೆ ಮುಖ್ಯ. ಆಪತ್ಕಾಲಕ್ಕೆ ಎಂದು ಕೂಡಿಡುವ ವಸ್ತು ಆಪತ್ತಿನಲ್ಲಿ ಬೆಲೆ ಉಳಿಸಿಕೊಳ್ಳಬೇಕು. ತಾಮ್ರ ಕಾರ್ಖಾನೆಯ ಲೋಹ. ಪ್ರಪಂಚದ ಅರ್ಧಕ್ಕೂ ಹೆಚ್ಚು ತಾಮ್ರ ಬಳಸುವುದು ಚೀನಾ. ಅಲ್ಲಿ ಕಟ್ಟಡ, ಕಾರ್ಖಾನೆ ನಿಧಾನವಾದರೆ ಬೆಲೆ ಬೀಳುತ್ತದೆ. 2008ರ ಜುಲೈನಲ್ಲಿ 8,000 ಡಾಲರ್ ಮೇಲಿದ್ದ ತಾಮ್ರ ಡಿಸೆಂಬರ್ ಹೊತ್ತಿಗೆ 3,000ಕ್ಕಿಂತ ಕೆಳಗಿಳಿದಿತ್ತು. ಕಂಪನಿಗಳು ಜನರನ್ನು ಮನೆಗೆ ಕಳಿಸುತ್ತಿದ್ದ ತಿಂಗಳುಗಳೇ ಅವು. ನೌಕರಿ ಹೋಗುವ ಕಾಲಕ್ಕೆ ಸರಿಯಾಗಿ ಕೂಡಿಟ್ಟದ್ದೂ ಕರಗಿದರೆ ಏನು ಬಂತು? ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ, ಊರಿನಿಂದ ಊರಿಗೆ ಈ ತೂಕವನ್ನು ಹೊತ್ತು ತಿರುಗುವ ಪಾಡು ಬೇರೆ. ಲಕ್ಷ ರೂಪಾಯಿಯ ತಾಮ್ರ ಎಂದರೆ ತೊಂಬತ್ತು ಕೆಜಿ.

ಬೆಲೆ ತೀರಾ ಏರಿದರೂ ತಾಮ್ರಕ್ಕೆ ಕಡಿವಾಣವಿದೆ. ನಮ್ಮಂಥ ಖರೀದಿಯವರು ಸಾಧ್ಯವಿದ್ದ ಕಡೆ ಅಲ್ಯೂಮಿನಿಯಂಗೆ ಹೋಗುತ್ತೇವೆ. ಹಳೆಯ ತಂತಿ ಗುಜರಿಗೆ ಬರುತ್ತದೆ. ಸರ್ಕಾರದ ಒಂದು ಆದೇಶವೂ ಸಾಕು. 2025ರ ಜುಲೈ ಕೊನೆಯಲ್ಲಿ ಅಮೆರಿಕವು ತಾಮ್ರದ ಮೇಲಿನ 50 ಶೇಕಡ ಸುಂಕದಿಂದ ಸಂಸ್ಕರಿಸಿದ ಲೋಹವನ್ನು ಹೊರಗಿಟ್ಟಿತು. ಅಲ್ಲಿನ ಮಾರುಕಟ್ಟೆ ಒಂದೇ ದಿನದಲ್ಲಿ ಸುಮಾರು 20 ಶೇಕಡ ಕುಸಿಯಿತು.

ತಾಮ್ರದ ಮೇಲೆ ನಂಬಿಕೆ ಇರುವವರಿಗೆ ಬೇರೆ ದಾರಿಗಳೇನೋ ಇವೆ, ಆದರೆ ಸುಲಭದ್ದಲ್ಲ. ಎಂಸಿಎಕ್ಸ್‌ನಲ್ಲಿ ಒಂದು ಲಾಟ್ ಎಂದರೆ 2,500 ಕೆಜಿ. ಅದು ಸಂಬಳದಾರರ ಆಟವಲ್ಲ. ಗಣಿ ಕಂಪನಿಗಳ ಷೇರು ತಾಮ್ರಕ್ಕಿಂತ ಜೋರಾಗಿ ಏರುತ್ತವೆ, ಅಷ್ಟೇ ಜೋರಾಗಿ ಬೀಳುತ್ತವೆ. ಇನ್ನು ಟಿಪ್ಪು ಕಾಲದ ಆನೆ ಮುದ್ರೆಯ ತಾಮ್ರದ ಕಾಸಿಗೆ ಬೆಲೆಯಿದೆ ನಿಜ. ಅದು ಚರಿತ್ರೆಗೆ, ಅಪರೂಪಕ್ಕೆ ಸಿಗುವ ಬೆಲೆ. ಮೊನ್ನೆ ಒತ್ತಿದ ಬಿಲ್ಲೆಗೆ ಅದು ಬರುವುದಿಲ್ಲ.

ಇಷ್ಟೆಲ್ಲ ಹೇಳಿ ಕೊನೆಗೆ ಹುಡುಗನಿಗೆ ಒಂದೇ ಕೆಲಸ ಹೇಳಿದೆ: ‘ಇದೇ ನಾಣ್ಯವನ್ನ ನಾಳೆ ನೀವು ಎಷ್ಟಕ್ಕೆ ವಾಪಸ್ ತಗೋತೀರಿ ಅಂತ ಮಾರೋರನ್ನ ಕೇಳು.’ ಯಾವ ಲೋಹ ಕೊಳ್ಳುವ ಮುಂಚೆಯೂ ಕೇಳಬೇಕಾದ ಪ್ರಶ್ನೆ ಅದು. ಎರಡು ದಿನ ಬಿಟ್ಟು ಉತ್ತರ ಕಳಿಸಿದ: ‘ವಾಪಸ್ ತಗೊಳ್ಳಲ್ವಂತೆ ಮಾವ.’

ಹಣ ಸದ್ಯಕ್ಕೆ ಬ್ಯಾಂಕಿನಲ್ಲೇ ಇದೆ.